ಇಸಳೂರಿನ ದಾರಿಯಲ್ಲಿ ಸಾಲದ ಲೆಕ್ಕ

ಶಿರಸಿಯಿಂದ ಹುಬ್ಬಳ್ಳಿಯತ್ತ ಹೊರಟರೆ ಪೇಟೆಯ ಗದ್ದಲ ಮುಗಿದ ಸ್ವಲ್ಪ ಹೊತ್ತಿಗೆ ಇಸಳೂರು ಸಿಗುತ್ತದೆ. ಘಟ್ಟದಂಚಿನ ದಟ್ಟ ಕಾಡು ಈ ಕಡೆಗೆ ಬರುತ್ತ ತೆಳುವಾಗುತ್ತದೆ. ಅಡಿಕೆಯ ಜೊತೆ ಭತ್ತವೂ ಕಾಣಿಸುತ್ತದೆ. ಪ್ರವಾಸಿಗರು ಇಲ್ಲಿ ಇಳಿಯುವುದು ಅಪರೂಪ. ಯಾಣ, ಸಹಸ್ರಲಿಂಗ, ಬನವಾಸಿ ಎಂದು ಅವರ ಪಟ್ಟಿ ಬೇರೆಯೇ ಇದೆ. ಆದರೆ ಓದುಗರೇ, ಒಂದು ಸೀಮೆಯನ್ನು ನಿಜವಾಗಿ ಅರಿಯಬೇಕಾದರೆ ಅಲ್ಲಿನ ಮನೆಗಳಿಗೆ ಸಾಲ ಎಲ್ಲಿಂದ ಬರುತ್ತದೆಂದು ಕೇಳಿ ನೋಡಿ.

ಸಹಕಾರಿ ಸಾಲಕ್ಕೆ ಶಿರಸಿ ಹೆಸರಾದ ಊರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1920ರಲ್ಲಿ, ತೋಟಗಾರರ ಮಾರಾಟ ಸಂಘವಾದ ಟಿ.ಎಸ್.ಎಸ್. 1923ರಲ್ಲಿ ಇಲ್ಲಿ ಹುಟ್ಟಿದವು. ತೋಟದ ಆದಾಯ ಬರುವುದು ವರ್ಷಕ್ಕೊಮ್ಮೆ, ಕೊಯ್ಲಿನ ನಂತರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಹಣ ಬೇಕು. ಸಂಘ ಆಗ ಸಾಲ ಕೊಟ್ಟು, ಅಡಿಕೆ ಮಾರಿದಾಗ ಮುರಿದುಕೊಳ್ಳುತ್ತದೆ. ಸಕಾಲದಲ್ಲಿ ತೀರಿಸುವ ರೈತನಿಗೆ ಸರಕಾರ ಬೆಳೆಸಾಲದ ಬಡ್ಡಿಯನ್ನೇ ಮನ್ನಾ ಮಾಡಿದೆ. ಮೂರು ಲಕ್ಷವಿದ್ದ ಈ ಮಿತಿಯನ್ನು ಐದು ಲಕ್ಷಕ್ಕೆ ಏರಿಸುವುದಾಗಿ 2023ರಲ್ಲಿ ಘೋಷಿಸಲಾಯಿತು.

ಆದರೆ ಈ ಬಾಗಿಲು ತೆರೆಯುವ ಬೀಗದಕೈ ಪಹಣಿ. ಉತ್ತರ ಕನ್ನಡದ ಬಹುಪಾಲು ನೆಲ ಅರಣ್ಯ. ತಲೆಮಾರುಗಳಿಂದ ಉಳುತ್ತಿದ್ದರೂ ‘ಅತಿಕ್ರಮಣದಾರ’ರೆನಿಸಿಕೊಂಡ ಸಾವಿರಾರು ಕುಟುಂಬಗಳಿಗೆ ಹೆಸರಿನಲ್ಲಿ ಪಹಣಿಯಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯೂ ಪರಿಶಿಷ್ಟ ಪಂಗಡಕ್ಕೆ ಸೇರದವರಿಂದ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಇನ್ನು ಅಡಿಕೆ ಸುಲಿಯುವ ಹೆಂಗಸು, ಗಾರೆ ಕೆಲಸದವನು, ಸಂತೆಯ ವ್ಯಾಪಾರಿ ಪಹಣಿಯನ್ನು ಎಲ್ಲಿಂದ ತಂದಾರು? ಅವರ ಮನೆಗೆ ಬರುವುದು ವಾರದ ಕಂತಿನ ಗುಂಪು ಸಾಲ.

ಸ್ವಲ್ಪ ಲೆಕ್ಕ ಹಾಕೋಣ. ಸಂಘದಿಂದ 50,000 ರೂಪಾಯಿ ಬೆಳೆಸಾಲ ತಂದವನು ಅಷ್ಟನ್ನೇ ಮರಳಿಸುತ್ತಾನೆ. ಅದೇ ಮೊತ್ತವನ್ನು ಶೇ. 24ರ ಬಡ್ಡಿಗೆ ತಂದ ಹೆಂಗಸು ವಾರಕ್ಕೆ ಸುಮಾರು 1,084 ರೂಪಾಯಿಯಂತೆ 52 ವಾರ ಕಟ್ಟಬೇಕು. ಬಡ್ಡಿಯೇ ಆರು ಸಾವಿರದ ಮುನ್ನೂರು ದಾಟುತ್ತದೆ. ಶುಲ್ಕ, ವಿಮೆ ಬೇರೆ. ಜುಲೈಯ ಜಡಿಮಳೆಗೆ ಕೂಲಿ ನಿಂತರೂ ಕಂತು ನಿಲ್ಲುವುದಿಲ್ಲ. ಒಬ್ಬಳು ತಪ್ಪಿದರೆ ಗುಂಪಿನ ಉಳಿದವರು ಬಾಗಿಲಿಗೆ ಬರುತ್ತಾರೆ. ಆಗ ಆ ಕಂತು ಕಟ್ಟಲು ಇನ್ನೊಂದು ಕಡೆ ಸಾಲ! ಮೊದಲು ಹೋಗುವುದು ಕಿವಿಯ ಓಲೆ, ನಂತರ ಮಗಳ ಕಾಲೇಜು. ಇದ್ದವನಿಗೆ ಅಗ್ಗದ ಸಾಲ, ಇಲ್ಲದವಳಿಗೆ ದುಬಾರಿ ಸಾಲ, ಇದೆಂಥ ಅಭಿವೃದ್ಧಿ?

ವಸೂಲಿಯ ಕಿರುಕುಳಕ್ಕೆ ಹೆದರಿ ಜನ ಊರು ಬಿಟ್ಟ ಸುದ್ದಿಗಳು ರಾಜ್ಯದ ಹಲವೆಡೆಯಿಂದ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಸರಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ರಿಸರ್ವ್ ಬ್ಯಾಂಕು ತನ್ನಲ್ಲಿ ನೋಂದಾಯಿಸಿದ ಸಂಸ್ಥೆಗಳಿಗೆ 2022ರಲ್ಲೇ ನಿಯಮ ಮಾಡಿದೆ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬಡ್ಡಿ, ಶುಲ್ಕಗಳ ವಿವರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ.

ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಅಲ್‌ಬಕರದ 282ನೆಯದು. ಸಾಲವನ್ನು ಬರೆದಿಡಬೇಕೆಂಬುದೇ ಅದರ ವಿಷಯ. ಅದಕ್ಕೆ ಸ್ವಲ್ಪ ಮೊದಲು, ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡುವ ಬೋಧನೆಯಿದೆ. ಬಡ್ಡಿಯ ಕೆಡುಕನ್ನು ನಾವು ಪ್ರವಚನಗಳಲ್ಲಿ ಕೇಳುತ್ತಲೇ ಇದ್ದೇವೆ. ಆದರೆ ಪಕ್ಕದ ಮನೆಯವಳಿಗೆ ಮಳೆಗಾಲದಲ್ಲಿ ಐದು ಸಾವಿರ ಕೈಗಡ ಕೊಡುವ ವ್ಯವಸ್ಥೆ ನಮ್ಮ ಎಷ್ಟು ಮೊಹಲ್ಲಾಗಳಲ್ಲಿದೆ? ಜಮಾಅತಿನ ಹತ್ತು ಮನೆಗಳು ಕೂಡಿದರೆ ಬಡ್ಡಿರಹಿತ ಸಣ್ಣ ನಿಧಿಯೊಂದು ಸಾಧ್ಯ.

ಸಹೋದರಿಯರೇ, ಹೆಬ್ಬೆಟ್ಟು ಒತ್ತುವ ಮುನ್ನ ಒಟ್ಟು ಎಷ್ಟು ಮರಳಿಸಬೇಕೆಂದು ಕೇಳಿ, ಬರೆಸಿಕೊಳ್ಳಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದಲೇ ಓದಿಸಿ. ಆ ಕಾಗದದಲ್ಲಿರುವುದು ಅವಳ ನಾಳೆಯೂ ಹೌದು.