ಕುಂಬಳಕಾಯಿ ದೀಪ, ಬೆರ್ಚಪ್ಪ, ಪಂಪ್‌ಸೆಟ್ ಮನೆಯ ತಲೆಬುರುಡೆ



ಮೊನ್ನೆ ರಾತ್ರಿ ಬೆಂಗಳೂರಿಂದ ಮೊಮ್ಮಗ ಫೋನ್ ಮಾಡಿದ್ದ. "ತಾತ, ಶುಕ್ರವಾರ ಸಂಜೆ ಬರ್ತೀವಿ. ಶನಿವಾರ ರಾಜ್ಯೋತ್ಸವ ರಜೆ. ಕುಂಬಳಕಾಯಿ ಎಷ್ಟು ಇಟ್ಟಿದ್ದೀಯ?" ಅಂದ. ಐದು ಅವೆ ಕನಪ್ಪ ಅಂದೆ. ಹೋದ ವರ್ಷದ ಕಾಯಿ ಬೀಜವನ್ನೇ ನಮ್ಮ ಮನೆಯವರು ಬೂದಿ ಹಚ್ಚಿ ಒಣಗಿಸಿ ಇಟ್ಟಿದ್ರು. ಮುಂಗಾರಲ್ಲಿ ಬದು ಮೇಲೆ ನಾಕು ಗುಣಿ ಊರಿದ್ದೆ. ಬಳ್ಳಿ ಚೆನ್ನಾಗಿ ಹಬ್ಬಿ ಐದು ಕಾಯಿ ನಿಂತಿವೆ.

ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಹೋದ ವರ್ಷ ಹಬ್ಬದ ದಿನ ನಮ್ಮ ಹೊಲದಲ್ಲಿ ನಡೆದದ್ದನ್ನ ನಾನು ಇಲ್ಲಿ ಬರೆದಿರಲಿಲ್ಲ. ಭತ್ತದ ಬೆಂಕಿರೋಗ, ನಾಲೆ ನೀರು, ಹಂದಿ ಕಾಟ ಎಲ್ಲ ಬರೆದಿದ್ದೀನಿ, ಇದೊಂದನ್ನ ನಾಚಿಕೆಗೆ ಬಿಟ್ಟಿದ್ದೆ. ಮಕ್ಕಳು ಮತ್ತೆ ಬರ್ತಾವೆ, ನಿಮ್ಮ ಮನೆಗೂ ಬರ್ತಾವೆ. ಅದಕ್ಕೆ ಈಗ ಬರೀತಿದ್ದೀನಿ.

2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ ಬಿದ್ದಿತ್ತು. ಹಿಂದಿನ ಸಂಜೆ ಮಗಳು, ಅಳಿಯ, ಎರಡು ಮಕ್ಕಳು ಬಂದ್ರು. ಮೊಮ್ಮಗನಿಗೆ ಆಗ ಎಂಟು ವರ್ಷ, ಮೊಮ್ಮಗಳಿಗೆ ಐದು. ಅಜ್ಜಿ ಹಂಡೆ ತೊಳೆದು ನೀರು ತುಂಬಿಸ್ತಾ ಇದ್ರೆ ಹುಡುಗ ಜಗಲಿ ಮೇಲೆ ಮುಖ ಊದಿಸ್ಕೊಂಡು ಕೂತಿದ್ದ. ಏನು ಅಂತ ಕೇಳಿದ್ರೆ, ಅವತ್ತೇ ಅವರ ಅಪಾರ್ಟ್‌ಮೆಂಟಲ್ಲಿ ಹ್ಯಾಲೋವೀನ್ ಅಂತೆ. ಎಲ್ಲ ಮಕ್ಕಳೂ ದೆವ್ವದ ವೇಷ ಹಾಕಿ ಮನೆ ಮನೆಗೆ ಹೋಗಿ ಚಾಕಲೇಟ್ ಇಸ್ಕೊಳ್ತಾರಂತೆ. ಬಾಗಿಲಿಗೆ ಅಸ್ಥಿಪಂಜರ, ಬಾವಲಿ, ಜೇಡ, ತಲೆಬುರುಡೆ ತೂಗು ಹಾಕ್ತಾರಂತೆ. ಎಲ್ಲ ಆನ್‌ಲೈನಲ್ಲಿ ತರಿಸೋ ಪ್ಲಾಸ್ಟಿಕ್ಕು.

"ಹಬ್ಬದ ದಿನ ಮನೇಲಿ ದೆವ್ವದ ಮಾತು ಬೇಡ" ಅಂತ ನಮ್ಮ ಮನೆಯವರು ಗದರಿದ್ರು. ಹುಡುಗ ಅತ್ತೇಬಿಟ್ಟ. ನನಗೆ ಪಾಪ ಅನ್ನಿಸ್ತು. "ನಾಳೆ ಹೊಲಕ್ಕೆ ಬಾ, ದುಡ್ಡು ಕೊಡದೆ ಅದೆಲ್ಲ ನಾವೇ ಮಾಡನ" ಅಂದೆ.

ಅಳಿಯ ಮೊಬೈಲಲ್ಲಿ ಓದಿ ಅದರ ಕತೆ ಹೇಳಿದ್ರು. ಅದೂ ಮೂಲದಲ್ಲಿ ಬೇಸಾಯದೋರ ಹಬ್ಬವೇ. ಐರ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿ ಶುರುವಾಗೋ ಹೊತ್ತು, ಸತ್ತೋರು ಆ ರಾತ್ರಿ ಮನೆ ಕಡೆ ಬರ್ತಾರೆ ಅನ್ನೋ ನಂಬಿಕೆ. ನಾವು ಪಿತೃಪಕ್ಷದಲ್ಲಿ ಹಿರಿಯರಿಗೆ ಬಟ್ಟೆ ಇಟ್ಟು ಎಡೆ ಹಾಕಲ್ವಾ, ಅದೇ ಬುಡದ್ದು. ಮೊದಲು ಅವರು ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡ್ತಿದ್ರಂತೆ. ಅಮೆರಿಕಕ್ಕೆ ವಲಸೆ ಹೋದ ಮೇಲೆ ದಪ್ಪ ಕುಂಬಳಕಾಯಿ ಸಿಕ್ತು, ಕೊರೆಯೋಕೂ ಸಲೀಸು. ನಾವು ಹುಳಿ, ಪಲ್ಯ ಮಾಡೋ ಸಿಹಿಗುಂಬಳವೂ ಮೂಲದಲ್ಲಿ ಅಮೆರಿಕ ಖಂಡದ ಬೆಳೆ. ಆಯುಧಪೂಜೆಗೆ ಒಡೆಯೋ ಬೂದುಗುಂಬಳ ಮಾತ್ರ ನಮ್ಮ ಏಷ್ಯಾ ಕಡೇದು. ಇದನ್ನ ಕೇಳಿದ ಮೇಲೆ ನಮ್ಮ ಮನೆಯವರು ಸ್ವಲ್ಪ ಮೆತ್ತಗಾದ್ರು.

ಬೆಳಗ್ಗೆ ಎಣ್ಣೆ ನೀರು ಆಯ್ತು, ದೋಸೆ ಆಯ್ತು. ಒಂಬತ್ತು ಗಂಟೆಗೆ ಹೊಲಕ್ಕೆ ಹೋದ್ವಿ. ತಮ್ಮನ ಮೊಮ್ಮಕ್ಕಳು ಇಬ್ಬರು ಸೇರ್ಕೊಂಡ್ರು. ಪಂಪ್‌ಸೆಟ್ ಮನೆ ಪಕ್ಕ ಹೊಂಗೆ ಮರದ ಕೆಳಗೆ ನಮ್ಮ ಕಾರ್ಖಾನೆ.

ತೆಂಗಿನ ಕರಟ ಬೋರಲು ಹಾಕಿ, ಅಂಚಿಗೆ ಎಂಟು ತೂತು ಕೊರೆದು ಗರಿಕಡ್ಡಿ ಬಗ್ಗಿಸಿ ಸಿಗಿಸಿದ್ರೆ ಜೇಡ. ಒಣಗಿದ ಬಾಳೆ ಪಟ್ಟೆಯಿಂದ ನಾರು ಸೀಳಿ ಎರಡು ಕೋಲಿಗೆ ಸುತ್ತಿದ್ರೆ ಜೇಡರ ಬಲೆ. ಅಡಿಕೆ ಹಾಳೆ ನೆನೆಸಿ ಕತ್ತರಿಸಿ, ಒಲೆ ಮಸಿ ಬಳಿದ್ರೆ ಬಾವಲಿ. ಹಾಳೆಯಲ್ಲೇ ಕಣ್ಣಿಗೆ ತೂತು ಮಾಡಿ ಮುಖವಾಡ. ನನ್ನ ಹಳೇ ಪಂಚೆ ಒಂದು ದೆವ್ವ ಆಯ್ತು.

ಆಮೇಲೆ ಬೆರ್ಚಪ್ಪ. ಇದು ನಮ್ಮ ಅಪ್ಪ ಕಲಿಸಿದ ಕೆಲಸ. ಎರಡು ಬಿದಿರು ಅಡ್ಡ ಕಟ್ಟಿ, ಹುಲ್ಲು ತುರುಕಿ, ನನ್ನ ಹಳೇ ಅಂಗಿ ತೊಡಿಸಿ, ಒಡಕು ಮಡಕೆಗೆ ಸುಣ್ಣದ ಬೊಟ್ಟು ಇಟ್ಟು ತಲೆ ಮಾಡಿದ್ವಿ. ಭತ್ತ ಹಾಲುಗಾಳಿಗೆ ಬಂದಿತ್ತು, ಸಣ್ಣ ಹಕ್ಕಿ ಗುಂಪು ಬೀಳೋ ಕಾಲ. "ತಾತ, ಇದಕ್ಕೆ ಹಕ್ಕಿ ನಿಜವಾಗ್ಲೂ ಹೆದರ್ತವಾ?" ಅಂತ ಹುಡುಗ ಕೇಳಿದ. ನಾಕು ದಿನ ಹೆದರ್ತವೆ, ಅಲ್ಲಾಡದೆ ಒಂದೇ ಕಡೆ ನಿಂತಿರೋದು ಗೊತ್ತಾದ ಮೇಲೆ ಅದರ ತಲೆ ಮೇಲೇ ಕೂರ್ತವೆ, ಅದಕ್ಕೇ ಜಾಗ ಬದಲಾಯಿಸ್ತಾ ಇರಬೇಕು, ಅಂಗಿ ಬದಲಾಯಿಸ್ತಾ ಇರಬೇಕು ಅಂದೆ.

ಕುಂಬಳಕಾಯಿ ಕೆಲಸ ನಾನೇ ಮಾಡ್ದೆ, ಮಕ್ಕಳ ಕೈಗೆ ಕುಡುಗೋಲು ಕೊಡಲಿಲ್ಲ. ತೊಟ್ಟಿನ ಸುತ್ತ ಮುಚ್ಚಳದಂಗೆ ಕೊಯ್ದು, ಒಳಗಿನ ಬೀಜ, ನಾರು ಸೌಟಲ್ಲಿ ಕೆರೆದು ತೆಗೆದ್ರೆ ಆಯ್ತು. ಮೊದಲ ಸಲ ಹಣತೆ ಇಟ್ಟು ಮುಚ್ಚಳ ಹಾಕಿದ್ರೆ ದೀಪ ಆರಿಹೋಯ್ತು. ಮುಚ್ಚಳಕ್ಕೆ ಹೊಗೆ ಹೋಗೋ ತೂತು ಕೊರೆದ ಮೇಲೆ ನಿಂತಿತು.

ಹನ್ನೊಂದು ಗಂಟೆ ಇರಬಹುದು. ನಾನು ಕುಂಬಳಕಾಯಿಗೆ ಹಲ್ಲು ಕೊರೀತಾ ತಲೆ ಬಗ್ಗಿಸಿದ್ದೆ. ತಲೆಬುರುಡೆ ಬರೆಯೋಕೆ ಬರಲ್ಲ, ನೋಡ್ಕೊಂಡು ಬರೆಯೋಕೆ ಚಿತ್ರ ಬೇಕು ಅಂತ ಹುಡುಗ ಗೊಣಗ್ತಾ ಇದ್ದ. ಸ್ವಲ್ಪ ಹೊತ್ತಿಗೆ ಪಂಪ್‌ಸೆಟ್ ಮನೆ ಒಳಗಿಂದ ಕೂಗು, "ತಾತ, ಇಲ್ಲೇ ಇದೆ ತಲೆಬುರುಡೆ! ಸೂಪರ್ ಆಗಿದೆ!"

ತಲೆ ಎತ್ತಿ ನೋಡಿದ್ರೆ ಅವನ ಕೈಲಿ ಔಷಧಿ ಡಬ್ಬ. ಕೆಂಪು ತ್ರಿಕೋನ, ಮೇಲೆ ತಲೆಬುರುಡೆ, ಎರಡು ಅಡ್ಡ ಮೂಳೆ. ಮೂರು ವರ್ಷದ ಹಿಂದೆ ತಂದದ್ದು. ತಳದಲ್ಲಿ ಎರಡು ಬೆರಳಷ್ಟು ಉಳಿದಿತ್ತು, ಬೇಕಾಗುತ್ತೆ ಅಂತ ಸ್ಟಾರ್ಟರ್ ಪೆಟ್ಟಿಗೆ ಕೆಳಗಿನ ಗೂಡಲ್ಲಿ ಇಟ್ಟಿದ್ದೆ. ಇಟ್ಟದ್ದು ಮರೆತೇಹೋಗಿತ್ತು. ಅವನು ಆಗಲೇ ಮುಚ್ಚಳ ತೆಗೆದು, ಪೈಪಿನ ನೀರು ತುಂಬಿ ಅಲ್ಲಾಡಿಸಿದ್ದ. ಹಾಲಿನಂಗೆ ಬೆಳ್ಳಗೆ ನೊರೆ. "ಮಾಟಗಾತಿ ಕಷಾಯ" ಅಂತ ನಗ್ತಾ ಇದ್ದ. ಹುಡುಗಿ ಬೊಗಸೆ ಒಡ್ಡಿ ನಿಂತಿದ್ದಳು, ಕೈ ಒದ್ದೆ, ಲಂಗ ಒದ್ದೆ.

ನಾನು ಹೆಂಗೆ ಎದ್ದು ಓಡಿದೆ ನನಗೆ ಗೊತ್ತಿಲ್ಲ. ಡಬ್ಬ ಕಿತ್ಕೊಂಡೆ. "ಬಾಯಿಗೆ ಹಾಕ್ಕೊಂಡ್ರಾ?" ಅಂತ ಕಿರುಚಿದ್ದಕ್ಕೆ ಎರಡೂ ಮಕ್ಕಳು ಹೆದರಿ ಅಳೋಕೆ ಶುರು ಮಾಡಿದ್ವು, ಉತ್ತರ ಬರಲಿಲ್ಲ. ಮೋಟ್ರು ಹಾಕಿ ಇಬ್ಬರ ಬಟ್ಟೆ ಬಿಚ್ಚಿ ನೀರಿಗೆ ನಿಲ್ಲಿಸಿ, ಸೋಪು ಹಾಕಿ ಕೈ, ಮೈ, ಮುಖ ಉಜ್ಜಿ ಉಜ್ಜಿ ತೊಳೆದೆ. ಕಾಲು ಗಂಟೆ ತೊಳೆದಿರಬೇಕು. ಅಳಿಯ ಕಾರು ತಂದ್ರು. ನಮ್ಮೂರು ಎರಡು ತಾಲೂಕಿನ ಗಡೀಲಿದೆ, ನಂಜನಗೂಡಿಗೂ ಟಿ. ನರಸೀಪುರಕ್ಕೂ ಹೆಚ್ಚುಕಮ್ಮಿ ಒಂದೇ ದೂರ. ಯಾವ ಕಡೆ ಅಂತ ಯೋಚನೆ ಮಾಡೋಕೂ ಆಗಲಿಲ್ಲ, ಗಾಡಿ ಮುಖ ಇದ್ದ ಕಡೆ ಹೊರಟ್ವಿ. ಒಂದು ಕೆಲಸ ಮಾತ್ರ ಸರಿಯಾಗಿ ಮಾಡ್ದೆ. ಆ ಡಬ್ಬವನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಜೊತೆಗೆ ತಗೊಂಡೆ.

ದಾರಿಯಲ್ಲಿ ಮಗಳು ಮಾತಾಡಲಿಲ್ಲ. ನನಗೆ 2018ರ ಡಿಸೆಂಬರಲ್ಲಿ ಸುಳ್ವಾಡಿ ಮಾರಮ್ಮನ ಗುಡಿ ಪ್ರಸಾದ ತಿಂದೋರನ್ನ ಆಂಬುಲೆನ್ಸಲ್ಲಿ ಮೈಸೂರಿಗೆ ತಂದದ್ದೇ ಕಣ್ಣ ಮುಂದೆ. ಅದು ಬೇಕಂತಲೇ ಬೆರೆಸಿದ ಪಾಪಿ ಕೆಲಸ. ಆದ್ರೆ ಬೆರೆಸಿದ್ದು ಬೆಳೆಗೆ ಹೊಡೆಯೋ ಔಷಧಿಯನ್ನೇ. ಅಂಥದ್ದನ್ನ ನಾನು ಮೂರು ವರ್ಷ ಮಕ್ಕಳ ಕೈಗೆ ಎಟಕೋ ಹಂಗೆ ಇಟ್ಟಿದ್ದೆ.

ಡಾಕ್ಟರು ಮೊದಲು ಕೇಳಿದ್ದೇ "ಯಾವ ಔಷಧಿ?" ಅಂತ. ಡಬ್ಬ ತೋರಿಸಿದೆ. ಲೇಬಲ್ ಓದಿ, ಟಾರ್ಚ್ ಬಿಟ್ಟು ಕಣ್ಣಿನ ಪಾಪೆ ನೋಡಿದ್ರು, ಸಣ್ಣಗಾಗಿದೆಯಾ ಅಂತ. ಜೊಲ್ಲು ಜಾಸ್ತಿ ಬರ್ತಿದೆಯಾ, ಬೆವರ್ತಿದ್ದಾರಾ, ವಾಂತಿ ಆಯ್ತಾ ಅಂತ ವಿಚಾರಿಸಿದ್ರು. ಸಂಜೆವರೆಗೂ ಇಟ್ಕೊಂಡು ಮತ್ತೆ ಮತ್ತೆ ನೋಡಿದ್ರು. ದೇವರು ದೊಡ್ಡವನು, ಬಾಯಿಗೆ ಹೋಗಿರಲಿಲ್ಲ. "ಬೇಗ ತೊಳೆದದ್ದು, ಡಬ್ಬ ತಂದದ್ದು ಒಳ್ಳೇದಾಯ್ತು" ಅಂದ್ರು. ಆಮೇಲೆ ನನ್ನ ಮುಖ ನೋಡಿ, "ಚಿತ್ರ ಹಾಕಿರೋದೇ ಓದು ಬರದವರಿಗೂ ಗೊತ್ತಾಗಲಿ ಅಂತ, ಯಜಮಾನ್ರೇ" ಅಂದ್ರು. ನಾನು ಎಸ್ಎಸ್ಎಲ್‌ಸಿ ಪಾಸು. ಏನು ಉತ್ತರ ಕೊಡಲಿ?

ಮನೆಗೆ ಬಂದಾಗ ಕತ್ತಲಾಗಿತ್ತು. ಯಾರಿಗೂ ಹಬ್ಬದ ಮನಸ್ಸಿರಲಿಲ್ಲ. ಹುಡುಗ ಮಾತ್ರ ಮೆತ್ತಗೆ "ತಾತ, ಕುಂಬಳಕಾಯಿ?" ಅಂದ. ಇಬ್ಬರೂ ಹೋಗಿ ಹಣತೆ ಹಚ್ಚಿ ಜಗಲಿ ಮೇಲೆ ಇಟ್ವಿ. ಸಾಲು ದೀಪದ ಮಧ್ಯೆ ಅದೊಂದು ಹಲ್ಲು ಕಿರ್ಕೊಂಡು ಉರೀತಾ ಇತ್ತು. ಅವನ ಪಕ್ಕ ಕೂತು ಕೇಳಿದೆ, "ಆ ಡಬ್ಬ ಯಾಕೆ ಮುಟ್ಟಿದೆ ಕೂಸೇ? ಆ ಚಿತ್ರ ಇದ್ರೆ ವಿಷ ಅಂತ ಗೊತ್ತಿರಲಿಲ್ವಾ?" ಅವನು ಹೇಳಿದ, "ನಮ್ಮ ಅಪಾರ್ಟ್‌ಮೆಂಟಲ್ಲಿ ಎಲ್ಲಾ ಬಾಗಿಲಲ್ಲೂ ಅದೇ ಇರುತ್ತೆ ತಾತ. ಅದು ಡೆಕೊರೇಷನ್."

ಅವನ ತಪ್ಪಿಲ್ಲ. ಅವನಿಗೆ ಆ ಚಿತ್ರ ಅಲಂಕಾರ. ನನಗೆ ಅದು ಅಲಂಕಾರವೂ ಅಲ್ಲ, ನೋಡಿ ನೋಡಿ ಕಣ್ಣಿಗೆ ಕಾಣದೇ ಹೋಗಿತ್ತು. ಬೆರ್ಚಪ್ಪನ ತಲೆ ಮೇಲೆ ಕೂರೋ ಹಕ್ಕಿ ತರ ಆಗಿದ್ದೆ ನಾನು.

ಮಾರನೇ ದಿನ ಇನ್ನೊಂದು ನಡೀತು. ಬೆಳಗ್ಗೆ ಡೈರಿಗೆ ಹಾಲು ಹಾಕೋಕೆ ಬಂದ ಕೆಳಗಲ ಬೀದಿ ಅಜ್ಜಮ್ಮ ನಮ್ಮ ಜಗಲಿ ಕುಂಬಳಕಾಯಿ ನೋಡಿ, "ಯಾರೋ ಮಾಟ ಮಾಡಿ ಮಡಗವ್ರೆ" ಅಂತ ಕೂಗಿ, ಕ್ಯಾನ್ ಹಿಡ್ಕೊಂಡು ಸುತ್ತು ಹಾಕ್ಕೊಂಡು ಹೋದ್ರು. ಹತ್ತು ಗಂಟೆ ಒಳಗೆ ಅರ್ಧ ಊರು ಬಂದು ನೋಡ್ಕೊಂಡು ಹೋಯ್ತು. ಮುಟ್ಟೋಕೆ ಒಬ್ಬರಿಗೂ ಧೈರ್ಯ ಇಲ್ಲ. ನಮ್ಮ ಮನೆಯವರಿಗೆ ಎಲ್ಲರಿಗೂ ಹೇಳಿ ಹೇಳಿ ಸಾಕಾಯ್ತು. ನನಗೆ ನಗು ಬಂತು, ಆಮೇಲೆ ನಿಂತುಹೋಯ್ತು. ಪಲ್ಯ ಮಾಡಿ ತಿನ್ನೋ ಕಾಯಿಗೆ ಇಷ್ಟು ಜನ ಹೆದರಿದ್ರು. ಆ ಡಬ್ಬದ ಪಕ್ಕ ಮೂರು ವರ್ಷ ನಾವೆಲ್ಲ ಕೂತು ಟೀ ಕುಡಿದಿದ್ದೀವಿ, ಬುತ್ತಿ ಬಿಚ್ಚಿದ್ದೀವಿ, ಒಬ್ಬರೂ ಹೆದರಿರಲಿಲ್ಲ.

ಅವತ್ತೇ ಮಧ್ಯಾಹ್ನ ಪಂಪ್‌ಸೆಟ್ ಮನೆ ಪೂರ್ತಿ ಖಾಲಿ ಮಾಡ್ದೆ. ಲೆಕ್ಕ ಹೇಳ್ತೀನಿ ಕೇಳಿ. ಖಾಲಿ ಡಬ್ಬ, ಬಾಟಲು 11. ಅರೆಬರೆ ಔಷಧಿ ಉಳಿದದ್ದು 4. ಹರಿದ ಪುಡಿ ಪೊಟ್ಟಣ 3. ಒಂದು ಬಾಟಲು ಕತ್ತರಿಸಿ ಮೋಟ್ರಿಗೆ ನೀರು ಹುಯ್ಯೋ ಲೋಟ ಮಾಡ್ಕೊಂಡಿದ್ದೆ. ಅದರಲ್ಲಿ ಕೈ ತೊಳೆದಿದ್ದೀನಿ, ಒಂದೊಂದು ಸಲ ಮುಖಾನೂ ತೊಳೆದಿದ್ದೀನಿ.

ನಿಮಗೆ ಗೊತ್ತಿರೋದೇ, ಆದ್ರೂ ಹೇಳ್ತೀನಿ. ಪ್ರತಿ ಡಬ್ಬದ ಮೇಲೂ ಓರೆಯಾಗಿ ನಿಲ್ಲಿಸಿದ ಚೌಕ ಇರುತ್ತೆ. ಅದರ ಕೆಳಗಿನ ಅರ್ಧ ಕೆಂಪಾದ್ರೆ ಅತಿ ಹೆಚ್ಚು ವಿಷ, ತಲೆಬುರುಡೆ ಬರೋದು ಇದಕ್ಕೆ. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಮ್ಮಿ. ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಅಂದ್ರೆ ಕುಡಿಯಬಹುದು ಅಂತಲ್ಲ. ಇದು 1971ರ ಕೀಟನಾಶಕ ನಿಯಮದಿಂದ ಬಂದ ಪದ್ಧತಿ. ನನಗೆ ನಾಕು ವರ್ಷ ಇದ್ದಾಗಿಂದ ಇದೆ, ನಾನು ಕಣ್ಣಿಟ್ಟು ನೋಡಿದ್ದು ಅವತ್ತು.

ಈಗ ನಾನು ಮಾಡ್ತಿರೋದು ಇಷ್ಟು. ಬೇಕಾದಷ್ಟೇ ತರ್ತೀನಿ, ಸಣ್ಣ ಅಳತೇಲಿ. ಖಾಲಿ ಆದ ತಕ್ಷಣ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನ ಸ್ಪ್ರೇಯರ್ ಟ್ಯಾಂಕಿಗೇ ಹುಯ್ತೀನಿ. ಡಬ್ಬಕ್ಕೆ ಮೊಳೆಯಲ್ಲಿ ತೂತು ಹೊಡೀತೀನಿ, ಯಾರೂ ಎಣ್ಣೆಗೋ ನೀರಿಗೋ ಇಟ್ಕೋಬಾರದು. ಬಾವಿ, ನಾಲೆ, ಮನೆಯಿಂದ ದೂರ ಆಳವಾಗಿ ಹೂಳ್ತೀನಿ. ಉಳಿದ ಔಷಧಿ ಇಡೋಕೆ ಹಳೇ ಕಬ್ಬಿಣದ ಟ್ರಂಕು ಗೋಡೆ ಮೇಲೆ ಎತ್ತರಕ್ಕೆ ಹಾಕಿ ಬೀಗ ಜಡಿದಿದ್ದೀನಿ. ಬೀಗದ ಕೈ ನನ್ನ ಉಡಿದಾರದಲ್ಲಿ.

ಆ ಟ್ರಂಕಿನ ಮೇಲೆ ಒಂದು ಕಾಗದ ಅಂಟಿಸಿದೆ. ಊರಿಗೆ ವಾಪಸ್ ಹೋಗೋ ದಿನ ಮೊಮ್ಮಗ ತಾನೇ ಕೂತು ಕೆಂಪು ಸ್ಕೆಚ್ ಪೆನ್ನಲ್ಲಿ ತಲೆಬುರುಡೆ ಬರೆದುಕೊಟ್ಟ. ಒಂದು ಕಣ್ಣು ದೊಡ್ಡದು, ಒಂದು ಸಣ್ಣದು. ಕೆಳಗೆ ಅವನದೇ ಅಕ್ಷರದಲ್ಲಿ, "ಇದು ಡೆಕೊರೇಷನ್ ಅಲ್ಲ." ಕಾಗದ ಬಣ್ಣಗೆಟ್ಟಾಗ ಬೇರೆ ಬರೆದುಕೊಡು ಅಂತ ಅವನಿಗೇ ಹೇಳ್ತೀನಿ. ಬೆರ್ಚಪ್ಪನ ಅಂಗಿ ತರ ಅದನ್ನೂ ಬದಲಾಯಿಸ್ತಾ ಇರಬೇಕು.

ಶುಕ್ರವಾರ ಅವರು ಬರ್ತಾರೆ. ಕರಟ, ಹಾಳೆ, ಬಾಳೆ ನಾರು ತೆಗೆದಿಟ್ಟಿದ್ದೀನಿ. ಐದು ಕಾಯಲ್ಲಿ ಒಂದು ಬೀಜಕ್ಕೆ, ಎರಡು ದೀಪಕ್ಕೆ, ಎರಡು ಅಡುಗೆಗೆ. ಕೊರೆದ ಕಾಯಿ ಎರಡು ಮೂರು ದಿನಕ್ಕೆ ಕೊಳೆಯೋಕೆ ಶುರುವಾಗುತ್ತೆ, ಅಷ್ಟರೊಳಗೆ ಹಸುವಿಗೆ ಹಾಕಿ. ಅಜ್ಜಮ್ಮನಿಗೆ ಮಾತ್ರ ಮೊದಲೇ ಹೇಳಿಬರಬೇಕು.

ಓದಿದೋರು ಲೈಕ್ ಒತ್ತಬೇಡಿ. ಎದ್ದು ನಿಮ್ಮ ಪಂಪ್‌ಸೆಟ್ ಮನೆಗೆ ಹೋಗಿ, ಗೂಡಿಗೆ ಒಂದ್ಸಲ ಟಾರ್ಚ್ ಬಿಟ್ಟು ನೋಡ್ಕೊಂಡು ಬನ್ನಿ. ಎಷ್ಟು ಡಬ್ಬ ಸಿಕ್ತು ಅಂತ ಬರೀರಿ.