ಕಿವಿಯ ಕಸುಬು

ರಾತ್ರಿ ಪಾಳಿಯವನನ್ನು ಕಂಡರೆ ಎಲ್ಲರಿಗೂ ಅಯ್ಯೋ ಪಾಪ. ‘ನಿದ್ದೆಗೆಟ್ಟು ಏನು ಸಂಪಾದಿಸ್ತೀಯೋ’ ಅಂತ ಮನೆಯಲ್ಲಿ ಗೊಣಗುತ್ತಾರೆ. ನಾನು ಮುಖ ಸಣ್ಣಗೆ ಮಾಡಿಕೊಂಡು ಬುತ್ತಿ ಹಿಡಿದು ಬಸ್ ಡಿಪೋಗೆ ಹೊರಡುತ್ತೇನೆ. ಒಳಗಿನ ಖುಷಿ ತೋರಿಸಿದರೆ ಹಗಲು ಪಾಳಿ ಕೇಳು ಎಂದಾರೆಂಬ ಭಯ!

ಹಗಲಿನ ಕೋಲಾರದಲ್ಲಿ ಕಿವಿಗೆ ಕಿಮ್ಮತ್ತಿಲ್ಲ. ಟೊಮೆಟೊ ಮಂಡಿಯ ಲಾರಿಗಳ ಹಾರನ್ನು, ಬಸ್‌ಸ್ಟ್ಯಾಂಡಿನ ಕೂಗು. ಹನ್ನೊಂದು ದಾಟಿದ ಮೇಲೆ ಕಬ್ಬಿಣ ಮಾತಾಡಲು ಶುರುಮಾಡುತ್ತದೆ.

ಪಿಟ್ಟಿಗೆ ಇಳಿದು ಬಸ್ಸಿನ ಹೊಟ್ಟೆಗೆ ಟಾರ್ಚ್ ಬಿಟ್ಟರೆ ಬೋರ್ಡು ನೋಡುವುದೇ ಬೇಡ. ಇಟ್ಟಿಗೆ, ಹೆಂಚಿನ ಊರಾದ ಮಾಲೂರು ಕಡೆಯದಕ್ಕೆ ಮಳೆಗಾಲದಲ್ಲಿ ಜೇಡಿಮಣ್ಣು ಮೆತ್ತಿರುತ್ತದೆ. ಶ್ರೀನಿವಾಸಪುರದ ಹಳ್ಳಿಗಳನ್ನು ಸುತ್ತಿದ್ದಕ್ಕೆ ಸ್ಪ್ರಿಂಗ್ ಪಟ್ಟಿಗಳ ಸಂದಿಯಲ್ಲಿ ಕೆಂಧೂಳು, ಸುಗ್ಗಿಯಲ್ಲಾದರೆ ಸೀಟಿನಡಿ ಮಾವಿನ ವಾಸನೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮುಳಬಾಗಿಲಿನಿಂದ ಓಡಿಬಂದದ್ದರ ಹೊಟ್ಟೆ ಚೊಕ್ಕಟ, ಬ್ರೇಕ್ ಡ್ರಮ್ಮು ಮಾತ್ರ ಕೆಂಡ.

ಡ್ರೈವರ್ ಬರೆದಿಡುವ ದೂರು ಮೂರೇ ಪದ: ‘ಎಡಗಡೆ ಹಿಂದೆ ಸೌಂಡು.’ ಅಲ್ಲಿಂದ ನಮ್ಮ ಬೇಟೆ. ಚಕ್ರವನ್ನು ಜಾಕಿಯಲ್ಲಿ ಎತ್ತಿ ತಿರುಗಿಸಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಹಬ್ಬಿಗೆ ಒತ್ತಿ, ಹಿಡಿಯನ್ನು ಕಿವಿಗಾನಿಸಬೇಕು. ಒಳ್ಳೆ ಬೇರಿಂಗು ಪಿಸುಗುಟ್ಟುತ್ತದೆ. ಸವೆದದ್ದು ಒಣ ಬೀಸುಕಲ್ಲಿನಲ್ಲಿ ರಾಗಿ ಬೀಸಿದಂತೆ ಗರಗರ. ಸುತ್ತಿಗೆಯಿಂದ ತಟ್ಟಿದರೆ ಬಿಗಿಯಾದ ನಟ್ಟು ‘ಟಣ್’ ಎನ್ನುತ್ತದೆ, ಸಡಿಲಾದದ್ದು ‘ಟಪ್’. ಮುರಿದ ಸ್ಪ್ರಿಂಗ್ ಪಟ್ಟಿಯದು ಒಡೆದ ಮಡಕೆಯ ದನಿ. 1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿದಾಗಲೂ ಯಾರೋ ಒಬ್ಬ ಹೀಗೇ ತಟ್ಟುತ್ತ ಕೂತಿದ್ದಿರಬೇಕು.

ಬಿಡಿಸಲಾರದ ಬೋಲ್ಟನ್ನು ಮೊದಲು ಕನ್ನಡದಲ್ಲಿ ಪುಸಲಾಯಿಸುತ್ತೇವೆ, ಆಮೇಲೆ ತೆಲುಗಿನಲ್ಲಿ ಬೈಯುತ್ತೇವೆ, ಉರ್ದುವಿಗೆ ಬರುವಷ್ಟರಲ್ಲಿ ಅದು ಬಿಟ್ಟುಕೊಡುತ್ತದೆ. ಗಡಿಸೀಮೆಯ ವರ್ಕ್‌ಶಾಪಿನ ಭಾಗ್ಯ ಇದು.

ನನ್ನ ಕಿವಿಗೂ ಒಮ್ಮೆ ಗರ್ವಭಂಗವಾಗಿದೆ. ಹೊಸದರಲ್ಲಿ ಒಂದು ‘ಕಟಕಟ’ಕ್ಕೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟನ್ನೇ ಬಿಚ್ಚಿ ಹೊಸದು ಹಾಕಿದೆ. ಬೆಳಗಿನ ಜಾವ ಟ್ರಯಲ್ ಓಡಿಸಿದರೆ ಮತ್ತದೇ ಕಟಕಟ. ಕೊನೆಗೆ ನೋಡಿದರೆ ಹಿಂದಿನ ಸೀಟಿನಡಿ ಕಟ್ಟದೆ ಬಿಟ್ಟಿದ್ದ ಜಾಕಿ! ಮೇಸ್ತ್ರಿ ಬೈಯಲಿಲ್ಲ, ಒಂದು ಟೀ ಕೊಡಿಸಿ, ‘ಮೊದಲು ಕೇಳು, ಆಮೇಲೆ ಬಿಚ್ಚು’ ಅಂದರು.

ನನಗೆ ಅತಿ ಇಷ್ಟದ ಕೆಲಸ ಗಾಳಿಯ ಸೋರಿಕೆ ಹುಡುಕುವುದು. ಎಂಜಿನ್ ಆರಿಸಿ, ಜೊತೆಗಾರ ಬ್ರೇಕ್ ಪೆಡಲು ಒತ್ತಿ ಹಿಡಿದಾಗ ಕೆಳಗೆ ಉಸಿರು ಬಿಗಿಹಿಡಿದು ಕೂರಬೇಕು. ಎಲ್ಲೋ ಒಂದು ಎಳೆ ‘ಸ್ಸ್...’. ಸೋಪಿನ ನೊರೆ ಸವರಿದರೆ ಆ ಜಾಗದಲ್ಲಿ ಗುಳ್ಳೆ ಏಳುತ್ತದೆ, ಕಳ್ಳ ಸಿಕ್ಕಿಬಿದ್ದ. ಗಾಳಿ ಪೂರ್ತಿ ಹೋದರೆ ಬ್ರೇಕೇ ಇಲ್ಲದಂತಾಗುತ್ತದೆ ಎಂದು ಜನ ಹೆದರುತ್ತಾರೆ. ಆದರೆ ಸ್ಪ್ರಿಂಗ್ ಬ್ರೇಕಿನ ಗಾಡಿಯಲ್ಲಿ ಗಾಳಿಯೇ ಸ್ಪ್ರಿಂಗನ್ನು ಅದುಮಿಟ್ಟಿರುತ್ತದೆ. ಗಾಳಿ ಇಳಿಯಿತೋ, ಸ್ಪ್ರಿಂಗು ಚಾಚಿ ಚಕ್ರವನ್ನು ಕಚ್ಚಿಕೊಳ್ಳುತ್ತದೆ. ನಿಂತೇ ಇರುವುದಕ್ಕಲ್ಲ, ಹೊರಡುವುದಕ್ಕೇ ಗಾಳಿ ಬೇಕು. ಇದನ್ನು ಯೋಚಿಸಿದವನಿಗೆ ದಿನಾ ಮನಸ್ಸಿನಲ್ಲೇ ಒಂದು ಕೈ ಮುಗಿಯುತ್ತೇನೆ.

ನಾಲ್ಕೂವರೆಗೆ ಮೊದಲ ಬಸ್ಸು ಗೇಟು ದಾಟುತ್ತದೆ. ಕೈಗೆ ಸೋಪಿನಪುಡಿ ಹಾಕಿ ಉಜ್ಜುತ್ತಲೇ ಆ ಸದ್ದನ್ನು ತಿರುವಿನವರೆಗೂ ಕೇಳುತ್ತೇನೆ. ಗರಗರ ಇಲ್ಲ, ಕಟಕಟ ಇಲ್ಲ ಎಂದಾದರೆ ಮನೆಯಲ್ಲಿ ಒಳ್ಳೇ ನಿದ್ದೆ.

ನೀವು ಕೂತ ಬಸ್ಸು ಇದ್ದಕ್ಕಿದ್ದಂತೆ ‘ಠುಸ್’ ಎಂದರೆ ಬೆಚ್ಚಬೇಡಿ. ಟ್ಯಾಂಕು ತುಂಬಿತು, ಹೆಚ್ಚಿನ ಗಾಳಿ ಹೊರಬಿತ್ತು, ಅಷ್ಟೆ. ಕಿಟಕಿ ಪಕ್ಕದಲ್ಲಿ ನೆಮ್ಮದಿಯಾಗಿ ಕೂತಿರಿ.