ಕುದುರೆಮರಿ ಬದಲಿಗೆ ಬಂದ ನೆರೆಯಾತ

ಅಪ್ಪ ದೊಡ್ಡದೊಂದು ಸಿಹಿಸುದ್ದಿ ತಂದಿದ್ದೇನೆ ಎಂದಾಗ, ತನಗೊಂದು ಕುದುರೆಮರಿ ಬರುತ್ತದೆಂದೇ ಪುಟ್ಟ ಜಾನ್ ಲಬಕ್ ಎಣಿಸಿದ್ದ. ಸುದ್ದಿ ಬೇರೆಯೇ ಇತ್ತು: ಡಾರ್ವಿನ್ ಎಂಬುವರು ಪಕ್ಕದ ಹಳ್ಳಿಗೆ ವಾಸಕ್ಕೆ ಬರುತ್ತಿದ್ದಾರಂತೆ. ಹುಡುಗನ ಮುಖ ಸಪ್ಪಗಾಯಿತು. 1842ರಲ್ಲಿ ಡಾರ್ವಿನ್ ಬಂದೇಬಿಟ್ಟರು.

ಲಬಕ್‌ರದು ಲಂಡನ್ನಿನ ಬ್ಯಾಂಕಿಂಗ್ ಮನೆತನ. ಕೆಂಟ್ ಪ್ರಾಂತ್ಯದಲ್ಲಿ ಹೈ ಎಲ್ಮ್ಸ್ ಎಂಬ ವಿಶಾಲ ಎಸ್ಟೇಟು. ತಂದೆ ಬ್ಯಾಂಕರ್, ಜೊತೆಗೆ ಖಗೋಳ ಗಣಿತದ ವಿದ್ವಾಂಸ. ಅಷ್ಟಿದ್ದೂ ಮಗನನ್ನು ಹದಿನಾಲ್ಕು ವರ್ಷದ ಸುಮಾರಿಗೇ ಈಟನ್ ಶಾಲೆ ಬಿಡಿಸಿ ಬ್ಯಾಂಕಿನಲ್ಲಿ ಕೂರಿಸಿದರು. ಕಾಲೇಜಿನ ಮಾತೇ ಇಲ್ಲ. ಆದರೆ ಪಾಠ ನೆರೆಮನೆಯಲ್ಲಿ ನಡೆದಿತ್ತು. ಹುಡುಗನಿಗೆ ಸೂಕ್ಷ್ಮದರ್ಶಕ ಕೊಡಿಸಿ ಎಂದು ತಂದೆಯ ಮನವೊಲಿಸಿದವರೇ ಡಾರ್ವಿನ್. ತಮ್ಮ ಸಂಗ್ರಹದ ಜಲಜೀವಿಗಳನ್ನೂ ಪರೀಕ್ಷಿಸಲು ಕೊಟ್ಟರು. 1853ರಲ್ಲಿ ಲಬಕ್‌ನ ಮೊದಲ ಪ್ರಬಂಧ ಅಚ್ಚಾಯಿತು.

ಬೆಳಕಿನ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ನಾನು ಲಬಕ್‌ರ ಇರುವೆಗಳ ಕಥೆ ಹೇಳುವುದುಂಟು. ಗಾಜಿನ ಗೂಡಿನಲ್ಲಿ ಸಾಕಿದ ಇರುವೆಗಳು ಬೆಳಕು ಬಿದ್ದರೆ ಮರಿಗೂಡುಗಳನ್ನು ಕತ್ತಲೆಗೆ ಹೊತ್ತೊಯ್ಯುತ್ತವೆ. ಲಬಕ್ ಅವುಗಳ ಮೇಲೆ ಬಣ್ಣಗಳ ಪಟ್ಟಿ ಹಾಯಿಸಿದರು. ಇರುವೆಗಳು ನೇರಳೆಯಿಂದಷ್ಟೇ ಅಲ್ಲ, ನೇರಳೆಯಾಚೆಗಿನ, ನಮಗೆ ಕತ್ತಲೆಯಾಗಿ ಕಾಣುವ ಜಾಗದಿಂದಲೂ ಮರಿಗಳನ್ನು ಎತ್ತಿಕೊಂಡು ಕೆಂಪಿನ ಕಡೆಗೆ ಓಡಿದವು! ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಅವಕ್ಕೆ ಕಾಣುತ್ತದೆ. ಎಷ್ಟು ಸರಳ ಪ್ರಯೋಗ ನೋಡಿ. ಒಂದು ರಾಣಿ ಇರುವೆಯನ್ನಂತೂ ಅವರು ಹದಿನಾಲ್ಕು ವರ್ಷಕ್ಕೂ ಮೇಲ್ಪಟ್ಟು ಸಾಕಿದರು. ನಮ್ಮಲ್ಲಿ ಹುರುಳಿ ಮೊಳಕೆಯ ಪ್ರಯೋಗ ನಾಲ್ಕನೇ ದಿನಕ್ಕೇ ಕಸದ ಬುಟ್ಟಿ ಸೇರುತ್ತದೆ!

1870ರಲ್ಲಿ ಮೇಡ್‌ಸ್ಟನ್‌ನಿಂದ ಪಾರ್ಲಿಮೆಂಟಿಗೆ ಆಯ್ಕೆಯಾದರು. ಮರುವರ್ಷವೇ ಬ್ಯಾಂಕ್ ರಜಾದಿನಗಳ ಕಾಯಿದೆ ತಂದರು. ಇಂಗ್ಲೆಂಡಿನ ಜನ ಆ ರಜೆಗಳನ್ನು ಪ್ರೀತಿಯಿಂದ 'ಸಂತ ಲಬಕ್ಕನ ದಿನ' ಎಂದರು. 1882ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆ. ಅದರಡಿ ನೇಮಕವಾದ ಮೊದಲ ಇನ್‌ಸ್ಪೆಕ್ಟರ್ ಪಿಟ್ ರಿವರ್ಸ್. ಮುಂದೆ ಅವರ ಮಗಳು ಆಲಿಸ್ ಲಬಕ್‌ರ ಎರಡನೇ ಹೆಂಡತಿಯಾದರು. ಎರಡು ಮದುವೆಗಳಿಂದ ಹನ್ನೊಂದು ಮಕ್ಕಳು.

ನನಗೆ ಹೆಚ್ಚು ಮುಖ್ಯವೆನಿಸುವುದು 1886ರ ಅಂಗಡಿ ವೇಳೆಯ ಕಾಯಿದೆ. ಹದಿನೆಂಟರೊಳಗಿನ ಹುಡುಗ ಹುಡುಗಿಯರನ್ನು ಅಂಗಡಿಯಲ್ಲಿ ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಅದು ಹೇಳಿತು. ಎಪ್ಪತ್ತನಾಲ್ಕು! ಅದೇ ಸುಧಾರಣೆಯಾದರೆ ಅದಕ್ಕೂ ಹಿಂದಿನ ಪಾಡೇನು? ಎಳವೆಯಲ್ಲೇ ದುಡಿಮೆಗೆ ಕೂತವನ ನೆನಪು ಅಲ್ಲಿ ಕೆಲಸ ಮಾಡಿರಬೇಕು ಎಂಬುದು ನನ್ನ ಊಹೆ.

1913ರಲ್ಲಿ ತೀರಿಕೊಂಡರು. ಹೈ ಎಲ್ಮ್ಸ್ ಬಂಗಲೆ 1967ರಲ್ಲಿ ಬೆಂಕಿಗೆ ಆಹುತಿಯಾಯಿತು. ಎಸ್ಟೇಟು ಈಗ ಸಾರ್ವಜನಿಕ ಉದ್ಯಾನ. ರಜಾದಿನ ಬಂತೆಂದರೆ ಯಾರು ಬೇಕಾದರೂ ಮಕ್ಕಳನ್ನು ಕರೆದುಕೊಂಡು ಅಲ್ಲಿ ಸುತ್ತಾಡಬಹುದು.